ರಾಡು, ಪೆನ್ನು, ಸೆನ್ಸರ್: ಬೇರಿಂಗ್ ನೋಡಲು ಯಾವುದು ವಾಸಿ?

ಪೀಣ್ಯದ ನಮ್ಮ ಮಷಿನ್ ಶಾಪಿನಲ್ಲಿ ಮೆಂಟೆನೆನ್ಸ್ ನನ್ನ ಹೊಣೆ. ಮೋಟಾರು, ಪಂಪುಗಳ ಬೇರಿಂಗ್ ಕೈಕೊಡುವ ಮೊದಲೇ ಹಿಡಿಯಲು ಮೂರು ದಾರಿಗಳನ್ನು ಅವೇ ಮೋಟಾರುಗಳ ಮೇಲೆ ಬಳಸಿ ನೋಡಿದ್ದೇವೆ.

ರಾಡಿಗೆ ಖರ್ಚೇ ಇಲ್ಲ. ಒಂದು ತುದಿ ಬೇರಿಂಗ್ ಹೌಸಿಂಗ್ ಮೇಲೆ, ಇನ್ನೊಂದು ಕಿವಿಗೆ. ಗ್ರೀಸ್ ಒಣಗಿದ ಸದ್ದು ಬೇರೆ, ಬಾಲ್ ಓಡುವ ದಾರಿ ಕಿತ್ತುಹೋದ ಸದ್ದು ಬೇರೆ. ನಮ್ಮ ಹಿರಿಯ ಫಿಟ್ಟರ್ ಕೇಳಿದ ತಕ್ಷಣ ಹೇಳುತ್ತಾರೆ. ಆದರೆ ರಾತ್ರಿ ಶಿಫ್ಟಿನಲ್ಲಿ ಅವರಿರುವುದಿಲ್ಲ, ಅಲ್ವಾ? ಐಟಿಐ ಮುಗಿಸಿ ಬಂದ ಹುಡುಗರಿಗೆ ಆ ಕಿವಿ ಬರಲು ವರ್ಷಗಳು ಬೇಕು.

ವೈಬ್ರೇಶನ್ ಪೆನ್ನನ್ನು ಹೊಸಬರೂ ಮೊದಲ ದಿನವೇ ಬಳಸಬಹುದು. ಅದುರುವಿಕೆಯ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ತೋರಿಸುತ್ತದೆ. ಯಂತ್ರಗಳ ಅದುರುವಿಕೆಗೆ ಮಿತಿ ಹೇಳುತ್ತಿದ್ದ ಹಳೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ ಪ್ರಕಾರ 20 ಎಚ್‌ಪಿವರೆಗಿನ ಮೋಟಾರು 1.8ರ ಒಳಗಿದ್ದರೆ ಚಿಂತೆಯಿಲ್ಲ, 4.5 ದಾಟಿದರೆ ಅಪಾಯ. ಸಡಿಲ ಬೋಲ್ಟು, ಬ್ಯಾಲೆನ್ಸ್ ತಪ್ಪಿದ ಫ್ಯಾನು, ಅಲೈನ್‌ಮೆಂಟ್ ಕೆಟ್ಟ ಕಪ್ಲಿಂಗ್ ಇದಕ್ಕೆ ಚೆನ್ನಾಗಿ ಸಿಗುತ್ತವೆ. ಬೇರಿಂಗ್ ಮಾತ್ರ ತಡವಾಗಿ ಸಿಗುತ್ತದೆ. ಈ ಅಂಕಿ 10ರಿಂದ 1,000 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಅದುರುವುದರ ಒಳಗಿನದು. ಬೇರಿಂಗ್‌ನ ಮೊದಲ ಸಣ್ಣ ಗಾಯ ಸದ್ದು ಮಾಡುವುದು ಅದಕ್ಕಿಂತ ಮೇಲೆ.

ಮೋಟಾರಿಗೆ ಅಂಟಿಸುವ ವೈರ್‌ಲೆಸ್ ಸೆನ್ಸರ್‌ನಲ್ಲಿ ಎರಡು ಬಗೆ ನೋಡಿದೆವು. ಒಂದರ ಆ್ಯಪ್ ಹಸಿರು, ಹಳದಿ, ಕೆಂಪು ಬಣ್ಣ ಮಾತ್ರ ತೋರಿಸುತ್ತಿತ್ತು. ಕೆಂಪು ಬಂತು ಅಂತ ಹುಡುಗರು ಓಡಿ ಬರುತ್ತಿದ್ದರು. ಏನಾಗಿದೆ ಎಂದು ಕೇಳಿದರೆ ಉತ್ತರವಿಲ್ಲ. ಇನ್ನೊಂದು ಸ್ಪೆಕ್ಟ್ರಮ್ ಗ್ರಾಫನ್ನೂ, ಅಂದರೆ ಎಷ್ಟು ಹರ್ಟ್ಜ್‌ನಲ್ಲಿ ಎಷ್ಟು ಅದುರುತ್ತಿದೆ ಎಂಬ ಚಿತ್ರವನ್ನೂ, ತೆರೆದು ತೋರಿಸುತ್ತದೆ. ನನಗೆ ಇಷ್ಟವಾಗಿದ್ದು ಇದೇ.

ಯಾಕೆಂದರೆ ಇದರಲ್ಲಿ ಲೆಕ್ಕ ಹಾಕಬಹುದು. 1,440 ಆರ್‌ಪಿಎಂ ಮೋಟಾರಿನ ಶಾಫ್ಟ್ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಒಂಬತ್ತು ಬಾಲ್‌ಗಳ 6205 ನಂಬರಿನ ಬೇರಿಂಗ್‌ನ ಹೊರ ರೇಸ್‌ಗೆ (ಬಾಲ್ ಓಡುವ ಹೊರಗಿನ ಬಳೆಗೆ) ಗಾಯವಾಗಿದ್ದರೆ, ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಬಾಲ್‌ಗಳು ಅದನ್ನು ಸುಮಾರು 3.58 ಸಲ ಹಾಯುತ್ತವೆ. ಅಂದರೆ ಸುಮಾರು 86 ಹರ್ಟ್ಜ್. ಗಾಯದ ಆ ಮೇಲಿನ ಸದ್ದು ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂದು ತೋರಿಸುವ ಎನ್ವೆಲಪ್ ಗ್ರಾಫಿನಲ್ಲಿ ಅಲ್ಲೇ ಗೆರೆ ಎದ್ದರೆ ಹೊರ ರೇಸ್; 130ರ ಹತ್ತಿರ ಎದ್ದರೆ ಒಳ ರೇಸ್. ಹುಡುಗರು ಇದನ್ನು ಬೋರ್ಡಿನ ಮೇಲೆ ಬರೆದು, ಆಮೇಲೆ ಬಿಚ್ಚಿದ ಬೇರಿಂಗನ್ನು ಕತ್ತರಿಸಿ ಗಾಯ ಹುಡುಕುತ್ತಾರೆ. ಹಿರಿಯ ಫಿಟ್ಟರ್ ಪಕ್ಕದಲ್ಲಿ ನಿಂತು, ಅದೇ ಗಾಯ ರಾಡಿನಲ್ಲಿ ಹೇಗೆ ಕೇಳುತ್ತದೆ ಎಂದು ಹೇಳಿಕೊಡುತ್ತಾರೆ. ಇಷ್ಟು ಒಳ್ಳೆಯ ತರಬೇತಿ ನಮ್ಮಲ್ಲಿ ಹಿಂದೆ ಇರಲಿಲ್ಲ.

ತರಬೇತಿಗೆಂದೇ ವಿಆರ್ ಹೆಡ್‌ಸೆಟ್ ಡೆಮೊ ಕೂಡ ನೋಡಿದೆವು. ಪ್ಯಾನೆಲ್ ತೆರೆಯುವ ಮುಂಚೆ ಕರೆಂಟ್ ಕಡಿದು ಬೀಗ ಹಾಕುವಂಥ ಸುರಕ್ಷತೆಯ ಪಾಠಕ್ಕೆ ಚೆನ್ನಾಗಿದೆ. ಬೇರಿಂಗ್ ಶಾಫ್ಟಿಗೆ ಬಿಗಿಯಾಗಿ ಕೂರುವುದು ಕೈಗೆ ಗೊತ್ತಾಗಬೇಕು, ಅದು ಅಲ್ಲಿ ಸಿಗುವುದಿಲ್ಲ.

ಸೆನ್ಸರ್‌ಗೂ ಮಿತಿಗಳಿವೆ. ಬ್ಯಾಟರಿ ಉಳಿಸಲು ಅದು ಆಗಾಗ ಎದ್ದು ಅಳೆಯುತ್ತದೆ ಅಷ್ಟೇ. ಬಿಟ್ಟು ಬಿಟ್ಟು ಓಡುವ ಕೂಲಂಟ್ ಪಂಪು ಅದರ ಕಣ್ಣು ತಪ್ಪಿಸಬಹುದು. ವೇಗ ಬದಲಾಗುತ್ತಲೇ ಇರುವ ಸ್ಪಿಂಡಲ್‌ನಲ್ಲಿ ಒಂದು ಅಂಕಿಯನ್ನು ಇನ್ನೊಂದಕ್ಕೆ ಹೋಲಿಸುವುದೂ ಕಷ್ಟ.

ನಾಲ್ಕೈದು ಮೋಟಾರುಗಳ ಸಣ್ಣ ಶಾಪಿಗೆ ರಾಡು, ಪೆನ್ನು ಸಾಕು. ನಿಂತರೆ ಇಡೀ ಲೈನೇ ನಿಲ್ಲುವಂಥ ಮೋಟಾರಿಗೆ ಸೆನ್ಸರ್ ಹಾಕಿ. ಡೆಮೊಗೆ ಬಂದವರ ಹತ್ತಿರ ಮೊದಲು ಸ್ಪೆಕ್ಟ್ರಮ್ ತೆರೆಸಿ ನೋಡಿ, ಮ್ಯಾನೇಜರ್ ಜೊತೆ ಫಿಟ್ಟರ್‌ಗಳನ್ನೂ ಕೂರಿಸಿ.