ಸಹಿ ಅಸಲಿ, ಬಿಲ್ಲು ನಕಲಿ: ಹಸಿರು ಟಿಕ್ ನೋಡಿ ದುಡ್ಡು ಕಳಿಸಬೇಡಿ

ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಹಾಕಿದ ಪಿಡಿಎಫ್ ಬಿಲ್ಲುಗಳನ್ನು ತಾನೇ ಪರೀಕ್ಷಿಸಿ ಹಸಿರು ಬಣ್ಣದಲ್ಲಿ ‘ವ್ಯಾಲಿಡ್’ ಅಂತ ತೋರಿಸುವ ಸಾಫ್ಟ್‌ವೇರ್ ನಿಮ್ಮ ಅಕೌಂಟ್ಸ್‌ನಲ್ಲಿ ಇದೆಯಾ? ಹಾಗಿದ್ದರೆ ಇವತ್ತಿನ ಪೇಮೆಂಟ್ ಬಿಡುವ ಮೊದಲು ಇದನ್ನು ಓದಿ. ನಮ್ಮಲ್ಲಿ ₹4,18,000 ಹೋಯಿತು. ಸಾಫ್ಟ್‌ವೇರ್ ಮಾರಿದವರ ಹೆಸರು ಬರೆಯುತ್ತಿಲ್ಲ, ದೂರು ನಡೀತಿದೆ.

ಬಿಲ್ಲು ಹಳೇ ಸಪ್ಲೈಯರ್‌ದು. ಸಹಿ ಅವರದೇ, ಸರ್ಟಿಫಿಕೇಟ್ ಅವರದೇ, ಜಿಎಸ್‌ಟಿ ನಂಬರ್ ಅವರದೇ. ಕೆಳಗಿದ್ದ ಬ್ಯಾಂಕ್ ಖಾತೆ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆ ಯಾರದ್ದೋ. ಅವರ ಮೇಲ್‌ಗೆ ನುಗ್ಗಿದವನು ತಿದ್ದಿ ಕಳಿಸಿದ್ದಾನೆ. ತಿದ್ದಿದ ಮೇಲೆ ಸಹಿ ಒಡೀಬೇಕಲ್ವಾ? ಅದಕ್ಕೇ ತಾನೇ ಡಿಎಸ್‌ಸಿ ಇರೋದು? ಒಡೀಲಿಲ್ಲ. ಹಸಿರು. ‘ಸಿಗ್ನೇಚರ್ ವ್ಯಾಲಿಡ್’.

ಸಾಫ್ಟ್‌ವೇರ್ ಸಪೋರ್ಟ್‌ನವರ ಮೊದಲ ಉತ್ತರ: “ಸರ್, ಸಹಿ ವ್ಯಾಲಿಡ್ಡೇ ಇದೆ. ನಮ್ಮ ಸಾಫ್ಟ್‌ವೇರ್ ತಪ್ಪು ಹೇಳಿಲ್ಲ.”

ಮೈ ಉರಿಯೋದು ಇಲ್ಲೇ. ಯಾಕಂದ್ರೆ ಆತ ಹೇಳಿದ್ದು ನಿಜ.

ಪಿಡಿಎಫ್‌ನಲ್ಲಿ ಸಹಿ ಇಡೀ ಫೈಲಿಗೆ ತಾನಾಗಿ ಅಂಟಿಕೊಂಡಿರಲ್ಲ. ಒಳಗೆ ‘ಬೈಟ್‌ರೇಂಜ್’ (ByteRange) ಅಂತ ನಾಲ್ಕು ಅಂಕಿ ಇರುತ್ತವೆ, ಅವು ತೋರಿಸಿದಷ್ಟು ಬೈಟ್‌ಗಳಿಗೆ ಮಾತ್ರ ಸಹಿ. ನಮ್ಮ ಫೈಲಿನ ಒಂದು ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು (ಸೇವ್ ಮಾಡಬೇಡಿ, ಕೆಡುತ್ತೆ) ಆ ಪದ ಹುಡುಕಿದಾಗ ಸಿಕ್ಕಿದ್ದು 0, 84210, 100596, 2381. ಮೊದಲಿನಿಂದ 84210 ಬೈಟ್, ಆಮೇಲೆ 100596ರಿಂದ 2381 ಬೈಟ್. ನಡುವಿನ 16386ರಲ್ಲಿ ಸಹಿಯೇ ಕೂತಿದೆ: 8192 ಬೈಟ್ ಜಾಗ, ಹೆಕ್ಸ್‌ನಲ್ಲಿ (ಒಂದು ಬೈಟ್‌ಗೆ ಎರಡು ಅಕ್ಷರ) ಬರೆದಾಗ ಅದರ ಎರಡರಷ್ಟು, ಎರಡು ತುದಿಗೆ ಒಂದೊಂದು ಬ್ರಾಕೆಟ್. ಇಲ್ಲಿವರೆಗೆ ಲೆಕ್ಕ ಸರಿ. ಈಗ ಕೊನೆಯ ಎರಡು ಅಂಕಿ ಕೂಡಿಸಿ: 102977. ಫೈಲಿನ ಪ್ರಾಪರ್ಟೀಸ್‌ನಲ್ಲಿದ್ದ ಸೈಜ್: 109412. ಮಿಕ್ಕ 6435 ಬೈಟ್‌ಗೆ ಯಾರ ಸಹಿಯೂ ಇಲ್ಲ. ಹೊಸ ಖಾತೆ ನಂಬರ್ ಕೂತಿದ್ದು ಅಲ್ಲೇ.

ಪಿಡಿಎಫ್‌ನಲ್ಲಿ ಹಳೇದನ್ನು ಮುಟ್ಟದೆ ಬಾಲಕ್ಕೆ ಹೊಸದನ್ನು ಸೇರಿಸಬಹುದು. ತೆರೆಯುವಾಗ ಬಾಲದಿಂದ ಓದುವುದರಿಂದ ಪರದೆ ಮೇಲೆ ಹೊಸದೇ ಕಾಣುತ್ತೆ. ಸಹಿ ಪರೀಕ್ಷೆ ಆಗೋದು ಮಾತ್ರ ಹಳೇ ಭಾಗಕ್ಕೆ. ಎರಡೂ ‘ಸರಿ’. ಕಣ್ಣಿಗೆ ಒಂದು ಬಿಲ್ಲು, ಲೆಕ್ಕಕ್ಕೆ ಇನ್ನೊಂದು.

ಇದೇನು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದವರು 2019ರಲ್ಲೇ 22 ಡೆಸ್ಕ್‌ಟಾಪ್ ಪಿಡಿಎಫ್ ರೀಡರ್‌ಗಳನ್ನು ಪರೀಕ್ಷಿಸಿ, 21ರಲ್ಲಿ ಸಹಿ ಇದ್ದಂತೆಯೇ ಒಳಗಿನದ್ದನ್ನು ಬದಲಿಸಿ ತೋರಿಸಿದ್ದರು. 7 ಆನ್‌ಲೈನ್ ಸೇವೆಗಳಲ್ಲಿ 5 ಕೂಡ ಮೋಸ ಹೋದವು. ಬಾಲಕ್ಕೆ ಸೇರಿಸೋದು ಒಂದು ದಾರಿ. ಬೈಟ್‌ರೇಂಜ್ ಅಂಕಿ ತಿದ್ದಿ ನಡುವಿನ ಖಾಲಿ ಜಾಗ ಹಿಗ್ಗಿಸಿ ಅಲ್ಲಿ ತುರುಕೋದು ಇನ್ನೊಂದು. ಬೈಟ್‌ರೇಂಜನ್ನೇ ಕಿತ್ತು ಹಾಕೋದು ಮೂರನೇದು (ನಂಬಿ, ಅದಕ್ಕೂ ಕೆಲವು ರೀಡರ್ ‘ವ್ಯಾಲಿಡ್’ ಅಂದಿದ್ದವು). ಇಷ್ಟೆಲ್ಲ ಬಹಿರಂಗವಾದ ಮೇಲೂ ಅದೇ ತೂತು ಇಟ್ಟುಕೊಂಡು ವರ್ಷಕ್ಕೆ ದುಡ್ಡು ವಸೂಲಿ ಮಾಡ್ತಾರೆ ಅಂದ್ರೆ ಏನು ಹೇಳೋದು.

ಸಪೋರ್ಟ್‌ನವರ ಎರಡನೇ ಉತ್ತರ: “ನಾವು ಸಿಸಿಎ ರೂಟ್‌ವರೆಗೂ ಚೈನ್ ಚೆಕ್ ಮಾಡ್ತೀವಿ ಸರ್, ಸಿಆರ್‌ಎಲ್ ಕೂಡ ನೋಡ್ತೀವಿ.” (ಅಂದ್ರೆ ಸರ್ಟಿಫಿಕೇಟ್ ಕೊಟ್ಟವರಿಂದ ಸರ್ಕಾರದ ಮೂಲ ಪ್ರಾಧಿಕಾರ ಸಿಸಿಎವರೆಗೆ ಸರಪಳಿ ಸರಿ ಇದೆಯಾ, ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಯಲ್ಲಿ ಇದು ಇದೆಯಾ ಅಂತ.) ಮಾಡಿ ಸ್ವಾಮಿ, ಬೇಡ ಅಂದವರು ಯಾರು? ಸಹಿ ಹಾಕಿದವರು ಯಾರು ಅನ್ನೋದಷ್ಟೇ ಅದರಿಂದ ಗೊತ್ತಾಗೋದು. ಯಾವುದಕ್ಕೆ ಹಾಕಿದರು ಅನ್ನೋದು ನಮ್ಮ ಪ್ರಶ್ನೆ. ಇಂಥ ಸಾಫ್ಟ್‌ವೇರ್ ಕಟ್ಟಲು ಬಳಸುವ ಐಟೆಕ್ಸ್ಟ್ ಅನ್ನೋ ಪಿಡಿಎಫ್ ಕೋಡ್ ಲೈಬ್ರರಿಯಲ್ಲಿ ಸಹಿ ಗಣಿತ ನೋಡಲು ಒಂದು ಫಂಕ್ಷನ್ ಇದ್ದರೆ, ಆ ಸಹಿ ಇಡೀ ಫೈಲನ್ನು ಆವರಿಸಿದೆಯಾ ಅಂತ ನೋಡಲು ‘ಸಿಗ್ನೇಚರ್ ಕವರ್ಸ್ ಹೋಲ್ ಡಾಕ್ಯುಮೆಂಟ್’ ಅಂತ ಬೇರೆಯದೇ ಇದೆ. ಇವರು ಮೊದಲನೆಯದನ್ನು ಮಾತ್ರ ಕರೆದು ಹಸಿರು ಬಳಿದಿದ್ದಾರೆ. ಅವರ ಇಂಜಿನಿಯರೇ ಒಪ್ಪಿಕೊಂಡ.

ಮೂರನೇ ಉತ್ತರ: “ಒಂದ್ಸಲ ಅಕ್ರೊಬ್ಯಾಟ್‌ನಲ್ಲಿ ತೆಗೆದು ನೋಡಬೇಕಿತ್ತು ಸರ್.” ಹಾಗಾದ್ರೆ ನೀವ್ಯಾಕೆ?

ಕೊಳ್ಳುವ ಮೊದಲು ಡೆಮೋದಲ್ಲೇ ಹೀಗೆ ಮಾಡಿ. ಸಹಿ ಇರುವ ಒಂದು ಪಿಡಿಎಫ್‌ಗೆ ಅಕ್ರೊಬ್ಯಾಟ್ ರೀಡರ್‌ನಲ್ಲಿ ಒಂದು ಕಾಮೆಂಟ್ ಸೇರಿಸಿ ಸೇವ್ ಮಾಡಿ ಅವರ ಸಾಫ್ಟ್‌ವೇರ್‌ಗೆ ಕೊಡಿ. ‘ಸಹಿಯ ನಂತರ ಬದಲಾವಣೆ’ ಅಂತ ಎಚ್ಚರಿಸದೆ ಬರೀ ಹಸಿರು ಬಂದರೆ ಎದ್ದು ಬನ್ನಿ. ಲಿನಕ್ಸ್ ಇದ್ದವರಿಗೆ ‘ಪಿಡಿಎಫ್‌ಸಿಗ್’ (pdfsig) ಅನ್ನೋ ಕಮಾಂಡ್ ಸಾಕು, ಇಡೀ ಫೈಲಿಗೆ ಸಹಿ ಇದೆಯಾ ಇಲ್ಲವಾ ಅಂತ ಹೇಳುತ್ತೆ. ಇಬ್ಬರು ಸಹಿ ಹಾಕಿದ ಫೈಲಾದರೆ ಮೊದಲ ಸಹಿಯ ನಂತರ ಬೈಟ್ ಉಳಿಯೋದು ಸಹಜ. ಕೊನೆಯ ಸಹಿಯ ನಂತರ ಉಳಿದಿದ್ದರೆ ಅದೇನು ಅಂತ ಕೇಳಲೇಬೇಕು. ಪುಟದ ಮೇಲಿನ ಟಿಕ್ ಮಾರ್ಕನ್ನಂತೂ ಲೆಕ್ಕಕ್ಕೇ ಇಡಬೇಡಿ, ಅದು ಯಾರು ಬೇಕಾದರೂ ಅಂಟಿಸಬಹುದಾದ ಚಿತ್ರ.

ಖಾತೆ ನಂಬರ್ ಬದಲಾಗಿದ್ದರೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಹಳೇ ಪಿಒ (ಪರ್ಚೇಸ್ ಆರ್ಡರ್) ದಲ್ಲಿರುವ ನಂಬರಿಗೆ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ. ನಮಗೆ ಗೊತ್ತಾಗಿದ್ದು ಸಪ್ಲೈಯರ್ ಬಾಕಿ ಕೇಳಿದಾಗ, ಹನ್ನೊಂದು ದಿನ ಆದ ಮೇಲೆ. ಅಷ್ಟೊತ್ತಿಗೆ ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ.