ಪಾವು, ಕಪ್, ತಕ್ಕಡಿ: ತರಿ ಅಳೆಯಲು ಯಾವುದು ಸರಿ?

ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಡುವ ಕೊಡಗಿನ ಕಡುಬು. ಅದಕ್ಕೆ ಅತ್ತೆಯ ಲೆಕ್ಕ ಒಂದೇ ಸಾಲು: ಒಂದು ಪಾವು ತರಿಗೆ ಎರಡು ಪಾವು ನೀರು. ವಿರಾಜಪೇಟೆಯ ಈ ಮನೆಯಲ್ಲಿ ಹಿತ್ತಾಳೆ ಪಾವು ಕೈಗೆ ಸಿಗುವಷ್ಟು ದಿನ ನನಗೆ ಇನ್ನೇನೂ ಬೇಕಿರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗಳು ಫೋನ್ ಮಾಡಿ "ಅಮ್ಮಾ, ಒಂದು ಪಾವು ಅಂದ್ರೆ ಎಷ್ಟು ಗ್ರಾಂ?" ಅಂತ ಕೇಳಿದಾಗ ಬಾಯಿ ಕಟ್ಟಿತು. ಆ ಮಳೆಗಾಲ ಪೂರ್ತಿ ಪಾವು, ಕಪ್, ತಕ್ಕಡಿ ಮೂರನ್ನೂ ಒಲೆ ಪಕ್ಕದಲ್ಲಿಟ್ಟು ಅಳೆದು ನೋಡಿದೆ.

ಶುರು ಮಾಡಿದ್ದು ನೀರಿನಿಂದ. ಒಂದು ಮಿಲಿ ನೀರು ಒಂದು ಗ್ರಾಂ ತೂಗುತ್ತದೆ. ಹಾಗಾಗಿ ಯಾವ ಪಾತ್ರೆಗೆ ಎಷ್ಟು ಹಿಡಿಯುತ್ತದೆ ಎನ್ನುವುದನ್ನು ತಕ್ಕಡಿಯೇ ಹೇಳಿಬಿಡುತ್ತದೆ. ನಮ್ಮ ಪಾವು 252 ಮಿಲಿ. ಪೇಟೆಯಲ್ಲಿ ಕೊಂಡ ಕಪ್ 240, ಮಗಳ ಹತ್ತಿರ ಇರುವುದು 250. ಅಮೆರಿಕದವರ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದವರದು 250. ಫೋನಿನಲ್ಲಿ ಸಿಗುವ ಪಟ್ಟಿ ಯಾವ ಕಪ್ಪಿನದು ಎಂದು ನೋಡದೆ ನಂಬಬಾರದು.

ಅಕ್ಕಿಗೆ ಪಾವೇ ಸಾಕು. ಮೂರು ಸಲ ತುಂಬಿ, ಮೇಲೆ ಕೈಯಲ್ಲಿ ಸವರಿ ತೂಗಿದೆ: 212, 214, 211 ಗ್ರಾಂ. ಕಾಳು ಗಟ್ಟಿ, ಒತ್ತಿದರೂ ಅಷ್ಟಾಗಿ ಕುಗ್ಗುವುದಿಲ್ಲ. ತರಿಯೂ ಹಾಗೆಯೇ, 190ರ ಆಸುಪಾಸು.

ಹಿಟ್ಟಿನ ಕತೆ ಬೇರೆ. ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿಗೆಂದು ಜರಡಿ ಹಿಡಿದ ಹಿಟ್ಟನ್ನು ಚಮಚದಲ್ಲಿ ಮೆಲ್ಲಗೆ ಪಾವಿಗೆ ಬಿಟ್ಟರೆ 134 ಗ್ರಾಂ. ಡಬ್ಬಕ್ಕೆ ಪಾವನ್ನೇ ಅದ್ದಿ ತೆಗೆದರೆ 160. ಕಟ್ಟೆಗೆ ನಾಲ್ಕು ಸಲ ಕುಟ್ಟಿದಾಗ ಹಿಟ್ಟು ಬೆರಳಗಲ ಕೆಳಗಿಳಿಯಿತು, ಮತ್ತೆ ತುಂಬಿದೆ, 182. ಅದೇ ಪಾವು, ಅದೇ ಹಿಟ್ಟು, ಸುಮಾರು 50 ಗ್ರಾಂ ವ್ಯತ್ಯಾಸ! ಪಾವಾಗಲಿ ಕಪ್ಪಾಗಲಿ ಇಲ್ಲಿ ಸೋತಹಾಗೆಯೇ. ಹಿಟ್ಟಿಗೆ ತಕ್ಕಡಿ ಬಿಟ್ಟರೆ ದಾರಿಯಿಲ್ಲ.

ತಕ್ಕಡಿ ಸಿಕ್ಕ ಖುಷಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದಕ್ಕೆ ಎರಡು ಎಂಬ ಅತ್ತೆಯ ಲೆಕ್ಕವನ್ನೇ ಗ್ರಾಂಗೂ ಹಾಕಿ, 190 ಗ್ರಾಂ ತರಿಗೆ 380 ಗ್ರಾಂ ನೀರಿಟ್ಟೆ. ಉಂಡೆ ಕಟ್ಟುವಾಗಲೇ ಬಿರಿಯಿತು. ಹಬೆಯಲ್ಲಿ ಬೆಂದ ಮೇಲೂ ಒಳಗೆ ತರಿ ತರಿ, ಪಂದಿ ಕರಿಯ (ಹಂದಿ ಮಾಂಸದ ಸಾರಿನ) ರಸವನ್ನೂ ಹೀರಲಿಲ್ಲ. ಒಂದು ಪಾವು ತರಿ ಒಂದು ಪಾವು ನೀರಿಗಿಂತ ಹಗುರ. ಎರಡು ಪಾವು ನೀರೆಂದರೆ 504 ಗ್ರಾಂ, ಅಂದರೆ ತೂಕದಲ್ಲಿ ಒಂದಕ್ಕೆ ಹತ್ತಿರ ಹತ್ತಿರ 2.65. ಅಳತೆ ಬದಲಾದರೆ ಅನುಪಾತವೂ ಬದಲಾಗುತ್ತದೆ. ಇದನ್ನು ಯಾವ ಪಟ್ಟಿಯೂ ನನಗೆ ಹೇಳಿರಲಿಲ್ಲ.

ಜೇನಿಗೂ ತಕ್ಕಡಿಯೇ ವಾಸಿ. 15 ಮಿಲಿ ಚಮಚದಲ್ಲಿ ಸುಮಾರು 21 ಗ್ರಾಂ ಹಿಡಿಯುತ್ತದೆ, ಆದರೆ ಕಾಲುಭಾಗ ಚಮಚಕ್ಕೇ ಅಂಟಿ ಉಳಿಯುತ್ತದೆ. ಬಟ್ಟಲನ್ನು ತಕ್ಕಡಿ ಮೇಲಿಟ್ಟು, ಸೊನ್ನೆಗೆ ತಂದು, ನೇರ ಸುರಿದರೆ ಆಯಿತು. ಕರಿಮೆಣಸಿನ ಪುಡಿ, ಅರಿಸಿನಕ್ಕೆ ಮಾತ್ರ ಚಮಚವೇ ಇರಲಿ. ಒಂದು ಗ್ರಾಮಿನ ಹೆಜ್ಜೆಯಲ್ಲಿ ಓಡುವ ತಕ್ಕಡಿಗೆ ಅಷ್ಟು ಸಣ್ಣ ತೂಕ ಸರಿಯಾಗಿ ಗೊತ್ತಾಗುವುದಿಲ್ಲ. ಕೊಡಗಿನ ಕಪ್ಪು ಹುಳಿ ರಸ ಕಾಚಂಪುಳಿಗೂ ನನ್ನ ಕೈಯಲ್ಲಿರುವುದು ಚಮಚವೇ.

ಪೇಟೆಯ ಕಪ್ಪನ್ನು ಈಗ ಅಕ್ಕಿ ಡಬ್ಬದೊಳಗೆ ಹಾಕಿಟ್ಟಿದ್ದೇನೆ, ತೋಡಲು. ಮಗಳಿಗೆ ಬರೆದು ಕಳಿಸಿದ್ದು ಇಷ್ಟು: ತರಿ 190, ನೀರು 504, ಉಪ್ಪು ಅರ್ಧ ಟೀ ಚಮಚ. ಅವಳು ಅದನ್ನು ತರಿ ಡಬ್ಬದ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾಳೆ.