ಎರಡು ವರ್ಷ, 38,000 ಕಿ.ಮೀ.: ಬಳ್ಳಾರಿ ರಸ್ತೆಗಳಲ್ಲಿ ಅಡಾಸ್ ಎಲ್ಲಿ ಕೈಕೊಡುತ್ತದೆ

ಗಾಡಿ ಮಧ್ಯಮ ಗಾತ್ರದ ಎಸ್‌ಯುವಿ, ಲೆವೆಲ್ 2 ಅಡಾಸ್ (ಸ್ಟೀರಿಂಗ್, ವೇಗ, ಬ್ರೇಕ್ ಮೂರರಲ್ಲೂ ಚಾಲಕನಿಗೆ ನೆರವಾಗುವ ವ್ಯವಸ್ಥೆ, ಹೊಣೆ ಮಾತ್ರ ಚಾಲಕನದೇ). ಮುಂದಿನ ಗಾಜಿನ ಮೇಲ್ತುದಿಯಲ್ಲಿ ಕ್ಯಾಮೆರಾ, ಬಂಪರ್ ಜಾಲರಿಯ ಹಿಂದೆ ರೆಡಾರ್. ಓಡಾಟ ಹೆಚ್ಚಾಗಿ ಬಳ್ಳಾರಿ–ತೋರಣಗಲ್ಲು–ಹೊಸಪೇಟೆ, ಆಗಾಗ ಸಿರುಗುಪ್ಪ–ಸಿಂಧನೂರು.

ಅತಿ ಹೆಚ್ಚು ಕಾಟ ಕೊಡುವುದು ಲೇನ್ ಕೀಪ್ ಅಸಿಸ್ಟ್, ಅಂದರೆ ಗಾಡಿ ಪಟ್ಟಿ ದಾಟದಂತೆ ಸ್ಟೀರಿಂಗ್ ತಿರುಗಿಸುವ ಸೌಲಭ್ಯ. ಸುಗ್ಗಿಯಲ್ಲಿ ಸಿರುಗುಪ್ಪ ಕಡೆ ರಸ್ತೆಯ ಒಂದು ಮಗ್ಗುಲಿಗೆ ಭತ್ತ ಒಣಹಾಕಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಆ ಕಲ್ಲು ಇದರ ಲೆಕ್ಕಕ್ಕೇ ಇಲ್ಲ, ಇದು ನೋಡುವುದು ಬಿಳಿ ಪಟ್ಟಿ ಮಾತ್ರ. ಇಂಡಿಕೇಟರ್ ಹಾಕದೆ ಬಲಕ್ಕೆ ಸರಿದರೆ ಸ್ಟೀರಿಂಗ್ ಎಡಕ್ಕೆ, ಅಂದರೆ ನೇರ ಕಲ್ಲಿನ ಕಡೆಗೇ, ಜಗ್ಗುತ್ತದೆ. ಜಗ್ಗು ಜೋರಿಲ್ಲ, ಗಟ್ಟಿ ಹಿಡಿದರೆ ಮೀರಬಹುದು. ಎದುರಿಗೆ ಬಸ್ ಬರುತ್ತಿರುವಾಗ ಮಾತ್ರ ಆ ಜಗ್ಗಾಟ ಬೇಡವೇ ಬೇಡ. ಬಲ ಇಂಡಿಕೇಟರ್ ಹಾಕಿದರೆ ಸುಮ್ಮನಾಗುತ್ತದೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಇದನ್ನು ಪೂರ್ತಿ ಆಫ್ ಮಾಡುವುದೇ ಸರಿ. ಇಗ್ನಿಷನ್ ಆಫ್ ಮಾಡಿ ಆನ್ ಮಾಡಿದರೆ ತಾನೇ ಮತ್ತೆ ಆನ್ ಆಗಿರುತ್ತದೆ, ನೆನಪಿರಲಿ.

ಎರಡನೆಯದು ಅದಿರಿನ ಕೆಂಪು ಧೂಳು. ಒಣ ಧೂಳಿನಿಂದ ರೆಡಾರ್‌ಗೆ ಅಷ್ಟೇನೂ ತೊಂದರೆಯಿಲ್ಲ. ತುಂತುರು ಮಳೆ ಬಿದ್ದು, ಲಾರಿ ಚಕ್ರ ಎರಚಿದ ರಾಡಿ ಬಂಪರ್‌ಗೆ ಮೆತ್ತಿತೆಂದರೆ ಅಲೆ ಅಲ್ಲಿಯೇ ಸಾಯುತ್ತದೆ, 'ಸೆನ್ಸರ್ ಬ್ಲಾಕ್ಡ್' ಎಂದು ಬರುತ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಾಷಿಂಗ್‌ನವರಿಗೆ ಜೆಟ್ ಅನ್ನು ಅಲ್ಲಿಗೆ ಹತ್ತಿರ ಹಿಡಿಯಬೇಡಿ ಎನ್ನಿ. ಕ್ಯಾಮೆರಾದ್ದು ಬೇರೆ ಕಥೆ. ನೀರು ಹೊಡೆಯದೆ ವೈಪರ್ ಹಾಕಿದರೆ ಗಾಜಿನ ಮೇಲೆ ಕುಂಕುಮ ಬಳಿದ ಹಾಗೆ ಕಮಾನು ಮೂಡುತ್ತದೆ, ಸಂಜೆ ಹೊಸಪೇಟೆ ದಿಕ್ಕಿಗೆ ಸೂರ್ಯ ಎದುರಾದಾಗ ಕ್ಯಾಮೆರಾ ಕುರುಡು. ವಾಷರ್ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕಬೇಡಿ, ಬಿಳಿ ಕಲೆ ಉಳಿಯುತ್ತದೆ. ಇಲ್ಲಿನ ಬಿಸಿಲಿಗೆ ವೈಪರ್ ರಬ್ಬರ್ ವರ್ಷಕ್ಕೇ ಸೀಳುತ್ತದೆ. ಮುಂಗಾರಿಗೆ ಮೊದಲೇ ಬದಲಿಸಿ.

ಡಿಕ್ಕಿ ತಪ್ಪಿಸಲು ತಾನೇ ಬೀಳುವ ತುರ್ತು ಬ್ರೇಕ್ ಒಳ್ಳೆಯದು, ಆಫ್ ಮಾಡಬೇಡಿ. ಊರೊಳಗೆ ನಿಧಾನವಾಗಿ ಹೋಗುವಾಗ ಮುಂದಿನ ಆಟೋ ಗಕ್ಕನೆ ನಿಂತರೆ ಇದು ಹಿಡಿಯುತ್ತದೆ. ರಾತ್ರಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಟ್ರ್ಯಾಲಿ ಇದ್ದರೆ ಮಾತ್ರ ನಂಬಬಾರದು. ಹಿಂದೆ ಲೈಟಿಲ್ಲ, ರೇಡಿಯಂ ಇಲ್ಲ, ಹುಲ್ಲು ಇಳಿಬಿದ್ದು ಟ್ರ್ಯಾಲಿಯ ಆಕಾರವೇ ಮುಚ್ಚಿಹೋಗಿರುತ್ತದೆ. ಕ್ಯಾಮೆರಾಗೆ ಅದು ವಾಹನವೆಂದು ಗುರುತು ಸಿಗುವುದು ಕಷ್ಟ. ಹುಲ್ಲು ಲೋಹದಷ್ಟು ಚೆನ್ನಾಗಿ ರೆಡಾರ್ ಅಲೆಯನ್ನು ವಾಪಸ್ ಕಳಿಸುವುದೂ ಇಲ್ಲ. ವೇಗದಲ್ಲಿದ್ದಾಗ ನಿಂತ ಲಾರಿಯದ್ದೂ ಇದೇ ಪಾಡು: ಬೋರ್ಡು, ಕಂಬ, ಸೇತುವೆಗೆಲ್ಲ ಬ್ರೇಕ್ ಹಾಕಬಾರದೆಂದು ಚಲನೆಯಿಲ್ಲದ ಪ್ರತಿಫಲನವನ್ನು ರೆಡಾರ್ ಬಹುಪಾಲು ಬದಿಗಿಡುತ್ತದೆ. ಡಿಕ್ಕಿ ಎಚ್ಚರಿಕೆಯನ್ನು 'ಅರ್ಲಿ'ಯಲ್ಲಿಟ್ಟರೆ ಪೇಟೆಯಲ್ಲಿ ಪ್ರತಿ ಬೈಕಿಗೂ ಕಿರುಚುತ್ತದೆ, 'ನಾರ್ಮಲ್' ಸಾಕು.

ಮುಂದಿನ ಗಾಡಿಯಿಂದ ಅಂತರ ಬಿಟ್ಟು ತಾನೇ ವೇಗ ಕಾಯ್ದುಕೊಳ್ಳುವ ಅಡಾಪ್ಟಿವ್ ಕ್ರೂಸ್‌ಗೆ ಹೊಸಪೇಟೆ–ಕುಷ್ಟಗಿಯ ಎನ್‌ಎಚ್ 50 ಹೇಳಿ ಮಾಡಿಸಿದಂತಿದೆ. ಅಂತರ ಎರಡು ಸೆಕೆಂಡ್ ಎಂದರೆ ಗಂಟೆಗೆ 80ರಲ್ಲಿ 44 ಮೀಟರ್. ಆ ಸಂದಿಯಲ್ಲಿ ಬೈಕ್ ನುಗ್ಗದೇ ಇರದು, ಗಾಡಿ ಬ್ರೇಕ್ ಒತ್ತದೇ ಇರದು. ರಾಂಗ್ ಸೈಡಿನಲ್ಲಿ ಎದುರು ಬರುವ ಬೈಕ್‌ಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ, ಕಾಲು ಬ್ರೇಕ್ ಮೇಲಿರಲಿ.

ಖರ್ಚಿನ ಜಾಗ ಗಾಜು. ಅದಿರು ಲಾರಿಯಿಂದ ಸಿಡಿದ ಕಲ್ಲಿಗೆ ಗಾಜು ಬಿರಿದರೆ, ಹೊಸದು ಕೂರಿಸಿದ ಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದರ ದಿಕ್ಕನ್ನು ಮತ್ತೆ ಸರಿಹೊಂದಿಸುವುದು, ಆಗಲೇಬೇಕು. ದಿಕ್ಕು ಒಂದು ಡಿಗ್ರಿ ತಪ್ಪಿದರೆ 50 ಮೀಟರ್ ಮುಂದೆ ಸುಮಾರು 87 ಸೆಂ.ಮೀ. ಆಚೀಚೆ. ಇನ್ಶೂರೆನ್ಸ್ ಎಸ್ಟಿಮೇಟಿನಲ್ಲಿ ಗಾಜು, ಅಂಟಿನ ಜೊತೆ ಕ್ಯಾಲಿಬ್ರೇಷನ್ ಅನ್ನೂ ಬೇರೆ ಸಾಲಿನಲ್ಲಿ ಬರೆಸಿ, ಕೆಲಸ ಮುಗಿದ ಮೇಲೆ ಪ್ರಿಂಟೌಟ್ ಕೇಳಿ. ಬಂಪರ್ ಪೇಂಟ್ ಮಾಡಿಸುವಾಗಲೂ ಅಷ್ಟೇ: ರೆಡಾರ್ ಎದುರಿನ ಭಾಗಕ್ಕೆ ಪುಟ್ಟಿ ದಪ್ಪ ಹಚ್ಚಿದರೆ ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ರೆಡಾರ್ ಮಂದವಾಗುತ್ತದೆ.